ನಾಲ್ಕು ಅಗ್ಗದ ಬಿಳಿ ವೈನ್‌ಗಳು: ತಣ್ಣಗೆ ಒಮ್ಮೆ, ತಣುಪು ಬಿಟ್ಟ ಮೇಲೆ ಇನ್ನೊಮ್ಮೆ

ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಿಳಿ ವೈನ್ ಯಾವುದಾದರೂ ಚೆನ್ನಾಗಿಯೇ ಇರುತ್ತದೆ. ಅಷ್ಟು ತಣ್ಣಗಿದ್ದರೆ ಘಮವೂ ಏಳುವುದಿಲ್ಲ, ಐಬೂ ಕಾಣುವುದಿಲ್ಲ. ಅದಕ್ಕೇ ಈ ಸಲ ಹೆಚ್ಚುಕಮ್ಮಿ ಒಂದೇ ಬೆಲೆಯ ನಾಲ್ಕು ಬಾಟಲಿ ತಂದು, ಪ್ರತಿಯೊಂದನ್ನೂ ಎರಡು ಸಲ ಕುಡಿದು ನೋಡಿದೆ: 5 ಡಿಗ್ರಿಯಲ್ಲಿ ಒಮ್ಮೆ, 12 ಡಿಗ್ರಿಗೆ ಬಂದ ಮೇಲೆ ಇನ್ನೊಮ್ಮೆ. ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಬರೆದವನು ತಮ್ಮ. ಯಾವುದು ಏನೆಂದು ಅವನಿಗೆ ಗೊತ್ತಿದ್ದರಿಂದ ಅವನ ಓಟು ಲೆಕ್ಕಕ್ಕಿಲ್ಲ. ಆದರೂ ಕುಡಿದದ್ದು ನನಗಿಂತ ಜಾಸ್ತಿ.

ತಣ್ಣಗಿದ್ದಾಗ ಗೆದ್ದದ್ದು ಸಾವಿನ್ಯೋ ಬ್ಲಾಂಕ್ (ಇಲ್ಲಿ ನಾಲ್ಕೂ ವೈನ್‌ಗಳ ಹೆಸರು ಅವುಗಳ ದ್ರಾಕ್ಷಿ ತಳಿಯದೇ). ಲೋಟ ಮೂಗಿನ ಹತ್ತಿರ ಬರುವ ಮೊದಲೇ ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ವಾಸನೆ. ದ್ರಾಕ್ಷಿಯಲ್ಲೇ ಇರುವ ಪೈರಜೀನ್ ಎಂಬ ವಾಸನೆಯ ರಾಸಾಯನಿಕ ಇದಕ್ಕೆ ಕಾರಣ. ಹಣ್ಣು ಮಾಗಿದಷ್ಟೂ ಅದು ಇಳಿಯುತ್ತದೆ. ತಣುಪು ಬಿಟ್ಟ ಮೇಲೆ ಸ್ವಲ್ಪ ಸೀಬೆಹಣ್ಣಿನ ಪರಿಮಳವೂ ಬಂತು, ಆದರೆ ನುಂಗಿದ ಮೇಲೆ ಬಾಯಲ್ಲಿ ಉಳಿದದ್ದು ಬರೀ ಹುಳಿ. ಮೊದಲ ಲೋಟಕ್ಕೆ ಸೊಗಸು, ಮೂರನೆಯದಕ್ಕೆ ಸಾಕು ಸಾಕು.

ಪಿನೋ ಗ್ರಿಜೋ ಬಗ್ಗೆ ಹೇಳಲು ಹೆಚ್ಚಿಲ್ಲ. ನಿಂಬೆ ಹಿಂಡಿದ ನೀರು, ಬಾಯಾರಿದಾಗ ತಕರಾರಿಲ್ಲ.

ಶಾರ್ಡೊನೆಯ ಕಥೆ ಬೇರೆ. ಈ ದ್ರಾಕ್ಷಿಯದು ಮೂಲತಃ ಮೆದು ಸ್ವಭಾವ, ರುಚಿಯ ಬಹುಪಾಲನ್ನು ವೈನ್ ಮಾಡುವವನೇ ಕೂಡಿಸುತ್ತಾನೆ. ಬ್ಯಾಕ್ಟೀರಿಯಾ ಚೂಪಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುವಾಗ ಬೆಣ್ಣೆಯ ವಾಸನೆ ಹುಟ್ಟುತ್ತದೆ, ಓಕ್ ಮರದಿಂದ ವೆನಿಲಾ. ಹೊಸ ಓಕ್ ಪೀಪಾಯಿ ದುಬಾರಿ. ಹಾಗಾಗಿ ಅಗ್ಗದ ವೈನಿಗೆ ಓಕ್ ಚೂರುಗಳನ್ನೇ ನೆನೆಹಾಕುವುದುಂಟು. ನನ್ನ ಬಾಟಲಿಗೆ ಏನು ಮಾಡಿದ್ದರೋ, 12 ಡಿಗ್ರಿಯಲ್ಲಿ ಬಡಗಿಯ ಅಂಗಡಿಗೆ ಹೊಕ್ಕಂತಾಯಿತು. ವೆನಿಲಾ ಆಚೆ ಸರಿದರೆ ಅಡಿಯಲ್ಲಿ ವೈನೇ ತೆಳು.

ತಣ್ಣಗೆ ಕುಡಿದಾಗ ಮೂರನೆಯ ಸ್ಥಾನ ಕೊಟ್ಟಿದ್ದ 4ನೇ ನಂಬರು, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್. ಮೊದಲ ಸಲ ನನ್ನ ಚೀಟಿಯಲ್ಲಿ ‘ಸಪ್ಪೆ’ ಅಂತಲೇ ಬರೆದಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸೇಬು, ಆಮೇಲೆ ಜೇನು, ಕೊನೆಯಲ್ಲಿ ನಾಲಿಗೆಯ ಅಂಚು ಚುರುಕಾಗುವಂಥ ಹುಳಿ. ಸಿಹಿಯಲ್ಲ, ಆದರೂ ಬಾಯಿ ತುಂಬುತ್ತದೆ. ಬೆಲೆಗೆ ಮೀರಿದ ಈ ರುಚಿಗೆ ಹಿನ್ನೆಲೆಯೂ ಇದೆ. ಮೂಲತಃ ಫ್ರಾನ್ಸಿನ ಲುವಾರ್ ಕಣಿವೆಯ ಈ ದ್ರಾಕ್ಷಿಯನ್ನು ದಕ್ಷಿಣ ಆಫ್ರಿಕಾದಲ್ಲಿ ‘ಸ್ಟೀನ್’ ಎಂದು ಕರೆಯುತ್ತಿದ್ದರು. ದಶಕಗಳ ಕಾಲ ಅಲ್ಲಿನ ಬೆಳೆಯಲ್ಲಿ ದೊಡ್ಡ ಪಾಲು ಬ್ರಾಂದಿಗೆ ಹೋಗುತ್ತಿತ್ತು. ಬಳ್ಳಿಗಳಿಗೆ ವಯಸ್ಸಾಯಿತು, ಒಳ್ಳೆಯ ವೈನ್ ಎಂಬ ಖ್ಯಾತಿ ಮಾತ್ರ ಆಮೇಲೆ ಬಂತು. ಸೆಖೆಯ ಜಾಗದಲ್ಲಿ ಬೆಳೆದರೂ ಹುಳಿ ಬಿಟ್ಟುಕೊಡದ ಜಾತಿ ಇದು.

ಮುಚ್ಚಿ ಫ್ರಿಜ್ಜಿನಲ್ಲಿಟ್ಟ ಉಳಿಕೆಯನ್ನು ಮೂರನೆಯ ದಿನವೂ ನೋಡಿದೆ. ಸಾವಿನ್ಯೋದ ಘಮ ಹಾರಿಹೋಗಿತ್ತು, ಶೆನಿನ್ ಇನ್ನೂ ಗಟ್ಟಿಯಾಗಿ ನಿಂತಿತ್ತು. ಒಂದೇ ಸಂಜೆಗೆ ಬಾಟಲಿ ಖಾಲಿ ಮಾಡದ ನನ್ನಂಥವನಿಗೆ ಇದೂ ಬೆಲೆಯ ಲೆಕ್ಕವೇ. ಮುಂದಿನ ಸಲ ಶೆನಿನ್ ಎರಡು ಬಾಟಲಿ ತರುತ್ತೇನೆ. ನೆಂಟರು ಬರುವುದಿದ್ದರೆ ಸಾವಿನ್ಯೋ ಒಂದು. ಶಾರ್ಡೊನೆ ಇನ್ನೂ ಅರ್ಧ ಬಾಟಲಿ ಫ್ರಿಜ್ಜಿನ ಬಾಗಿಲಲ್ಲೇ ಇದೆ, ತಮ್ಮನೂ ಅದನ್ನು ಮುಟ್ಟುತ್ತಿಲ್ಲ.