‘ಕೋರ್ಟ್ ಅನುಮೋದಿತ ಮಾನಿಟರ್’ ಎಂದರೆ ಅಲ್ಲೇ ನಿಲ್ಲಿ: ಕ್ಯಾಲಿಫೋರ್ನಿಯಾದ ಕನ್ನಡಿಗ ಪೋಷಕರಿಗೆ

ಮಗುವನ್ನು ಮೇಲ್ವಿಚಾರಕರ (ಮಾನಿಟರ್) ಎದುರಲ್ಲೇ ಭೇಟಿಯಾಗಬೇಕು ಎಂಬ ಕೋರ್ಟ್ ಆದೇಶ ಕೈಗೆ ಬಂದ ವಾರ ತಲೆ ಓಡುವುದಿಲ್ಲ. ಯಾರು ಮೊದಲು ಫೋನ್ ಎತ್ತುತ್ತಾರೋ ಅವರಿಗೇ ಮುಂಗಡ ಕೊಟ್ಟುಬಿಡುತ್ತೇವೆ. ಹಾಳಾಗುವುದು ಬಹಳ ಸಲ ಅಲ್ಲಿಂದಲೇ. ‘ನಮಗೆ ಲೈಸೆನ್ಸ್ ಇದೆ’, ‘ನಾವು ಕೋರ್ಟ್ ಅನುಮೋದಿತರು’ ಎಂದು ಯಾರಾದರೂ ಹೇಳಿದರೆ ಅನುಮಾನಪಡಿ. ಈ ಕೆಲಸಕ್ಕೆಂದೇ ಲೈಸೆನ್ಸ್ ಕೊಡುವ ಮಂಡಳಿ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಕೋರ್ಟಿನಲ್ಲಿ ಸಿಗುವ ಹೆಸರುಗಳ ಪಟ್ಟಿ ಬರೀ ಪಟ್ಟಿ, ಶಿಫಾರಸಲ್ಲ.

ಹಾಗಂತ ನಿಯಮವೇ ಇಲ್ಲ ಎಂದಲ್ಲ. ಫ್ಯಾಮಿಲಿ ಕೋಡ್‌ನ 3200.5ನೇ ಸೆಕ್ಷನ್ ಪ್ರಕಾರ, ಹಣ ಪಡೆದು ಈ ಕೆಲಸ ಮಾಡುವವರಿಗೆ ಕನಿಷ್ಠ 21 ವರ್ಷ ಆಗಿರಬೇಕು. ಕಳೆದ 5 ವರ್ಷಗಳಲ್ಲಿ ಕುಡಿದು ವಾಹನ ಓಡಿಸಿ ಶಿಕ್ಷೆಯಾಗಿರಬಾರದು. ಕಳೆದ 10 ವರ್ಷಗಳಲ್ಲಿ ಪ್ರೊಬೇಷನ್, ಪೆರೋಲ್ ಅಥವಾ ತಡೆಯಾಜ್ಞೆ ಇರಬಾರದು. 24 ಗಂಟೆಗಳ ತರಬೇತಿ ಆಗಿರಬೇಕು. ಮಗುವನ್ನು ಕಾರಿನಲ್ಲಿ ಕರೆದೊಯ್ಯುವುದಾದರೆ ವಿಮೆಯ ಪುರಾವೆ ಬೇಕು. 2021ರಿಂದ ಟ್ರಸ್ಟ್‌ಲೈನ್ ನೋಂದಣಿಯೂ ಕಡ್ಡಾಯ. ಬೆರಳಚ್ಚು ತೆಗೆದುಕೊಂಡು ಅಪರಾಧ ದಾಖಲೆ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ನೋಡುವ ವ್ಯವಸ್ಥೆ ಅದು.

ತೊಡಕು ಎಲ್ಲಿದೆ ಎಂದರೆ, ಇದೆಲ್ಲ ನನಗಿದೆ ಎಂದು ಹೇಳುವವರು ಮಾನಿಟರೇ. ಎಫ್‌ಎಲ್-324(ಪಿ) ಎಂಬ ಫಾರ್ಮಿನಲ್ಲಿ ಅವರೇ ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಆ ಸಹಿಯ ಹಿಂದೆ ತರಬೇತಿಯ ಪ್ರಮಾಣಪತ್ರ ನಿಜಕ್ಕೂ ಇದೆಯೇ ಎಂದು ಕೇಳುವ ಕೆಲಸ ಪೋಷಕರಿಗೋ ವಕೀಲರಿಗೋ ಉಳಿಯುತ್ತದೆ. ಸೂಪರ್‌ವೈಸ್ಡ್ ವಿಸಿಟೇಷನ್ ನೆಟ್‌ವರ್ಕ್ ಎಂಬ ಸಂಘದ ಸದಸ್ಯತ್ವ ತೋರಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಅದೂ ಲೈಸೆನ್ಸ್ ಅಲ್ಲ.

ಕೆಟ್ಟ ಅನುಭವ ಸಾಮಾನ್ಯವಾಗಿ ಸಾಗುವ ದಾರಿ ಇದು. ಲಿಖಿತ ಒಪ್ಪಂದ ಇಲ್ಲದೆ ಫೋನಿನಲ್ಲೇ ಮಾತು ಮುಗಿಯುತ್ತದೆ. ಭೇಟಿಗಳು ಚೆನ್ನಾಗಿಯೇ ನಡೆಯುತ್ತವೆ. ಮಾನಿಟರ್ ಆಗಾಗ ಮೊಬೈಲ್ ನೋಡಿಕೊಂಡು ಕೂರುತ್ತಾರೆ, ಟಿಪ್ಪಣಿ ಬರೆಯುವುದಿಲ್ಲ. ವಿಚಾರಣೆ ಹತ್ತಿರವಾದಾಗ ನೆನಪಿನಿಂದ ವರದಿ ತಯಾರಾಗುತ್ತದೆ: ‘ಅಪ್ಪನಿಗೆ ಮಗುವಿನ ಮೇಲೆ ತುಂಬಾ ಪ್ರೀತಿ, ಇನ್ನು ಮೇಲ್ವಿಚಾರಣೆ ಬೇಕಿಲ್ಲ.’ ಓದಿದ ಅಪ್ಪನಿಗೆ ಸಂತೋಷ. ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ಹೆಚ್ಚು ಸಂತೋಷ! ಏಕೆಂದರೆ ಇಂಥ ಭೇಟಿಗಳಿಗೆಂದು ನ್ಯಾಯಾಂಗ ಮಾಡಿರುವ 5.20ನೇ ಮಾನದಂಡದ ಪ್ರಕಾರ ವರದಿಯಲ್ಲಿ ಕಂಡದ್ದು, ಕೇಳಿದ್ದು, ಆಡಿದ ಮಾತು ಮಾತ್ರ ಇರಬೇಕು. ಕೋರ್ಟ್ ಆದೇಶಿಸದ ಹೊರತು ಮುಂದಿನ ಭೇಟಿಗಳ ಬಗ್ಗೆ ಅಭಿಪ್ರಾಯ, ಶಿಫಾರಸು ಸಲ್ಲದು. ದಿನಾಂಕ, ಯಾರು ಬಂದಿದ್ದರು, ಯಾವ ಷರತ್ತು ಮುರಿಯಿತು ಎಂಬ ಭೇಟಿವಾರು ದಾಖಲೆ ಇಲ್ಲ. ವರದಿ ಸಲ್ಲಿಸಿದಾಗಲೆಲ್ಲ ಹೊಸದಾಗಿ ಸಹಿ ಮಾಡಬೇಕಾದ 324(ಪಿ) ಫಾರ್ಮೂ ಇಲ್ಲ. ಹೊಗಳಿಕೆಯ ವರದಿಯೇ ಹೀಗೆ ಕೈಕೊಡುತ್ತದೆ. ಕೊಟ್ಟ ಗಂಟೆಗಳ ಹಣವೂ ಹೋಯಿತು, ನ್ಯಾಯಾಧೀಶರ ಮುಂದೆ ಇಡಲು ಗಟ್ಟಿ ಕಾಗದವೂ ಉಳಿಯಲಿಲ್ಲ.

ನಮ್ಮವರು ಎಡವುವ ಇನ್ನೊಂದು ಜಾಗ ಭಾಷೆ. ಮಗುವಿನ ಜೊತೆ ಕನ್ನಡದಲ್ಲಿ ಮಾತಾಡುವುದು ಸಹಜ. ಮಾನಿಟರ್‌ಗೆ ಅರ್ಥವಾಗದಿದ್ದರೆ ಅದು ಗುಟ್ಟಿನ ಮಾತಾಗಿ ದಾಖಲಾಗಬಹುದು, ಭೇಟಿ ಅರ್ಧಕ್ಕೇ ನಿಲ್ಲಬಹುದು. ಪೋಷಕರ ಮತ್ತು ಮಗುವಿನ ಭಾಷೆ ಮಾನಿಟರ್‌ಗೆ ಬರಬೇಕು, ಇಲ್ಲವೇ 18 ದಾಟಿದ ತಟಸ್ಥ ದುಭಾಷಿಯನ್ನು ಒದಗಿಸಬೇಕು ಎಂದು ಕಾನೂನೇ ಹೇಳುತ್ತದೆ. ಅತ್ತೆ, ಭಾವಮೈದುನ ತಟಸ್ಥರಲ್ಲ. ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡಿ ಮಗುವನ್ನು ತೋರಿಸುವುದೂ ಆದೇಶದಲ್ಲಿ ಅವಕಾಶವಿದ್ದರೆ ಮಾತ್ರ. ಲೈಂಗಿಕ ದೌರ್ಜನ್ಯದ ಆರೋಪವಿರುವ ಪ್ರಕರಣಗಳಲ್ಲಿ ಮಾನದಂಡ ಇನ್ನೂ ಬಿಗಿ: ಕೋರ್ಟ್ ಬೇರೆ ಹೇಳದ ಹೊರತು ಉಡುಗೊರೆ, ಫೋಟೊ, ಪಿಸುಮಾತು, ತೊಡೆಯ ಮೇಲೆ ಕೂರಿಸುವುದು, ತಲೆ ಬಾಚುವುದು, ಕೈ ಹಿಡಿಯುವುದು ಎಲ್ಲಕ್ಕೂ ತಡೆ. ಇದನ್ನು ಮೊದಲೇ ವಿವರಿಸದ ಮಾನಿಟರ್‌ನಿಂದಾಗಿ ತಂದೆ-ತಾಯಿ ತಿಳಿಯದೆ ನಿಯಮ ಮುರಿಯುತ್ತಾರೆ.

ಆದ್ದರಿಂದ ಮುಂಗಡ ಕೊಡುವ ಮುನ್ನ ಟ್ರಸ್ಟ್‌ಲೈನ್ ನೋಂದಣಿಯ ಪುರಾವೆ, ತರಬೇತಿಯ ಪ್ರಮಾಣಪತ್ರ, ತುಂಬಿದ 324(ಪಿ) ಮೂರನ್ನೂ ಕೇಳಿ. ಕೊಡಲು ಮೀನಮೇಷ ಎಣಿಸುವವರನ್ನು ಬಿಟ್ಟುಬಿಡಿ. ಮಗು ನಿಮ್ಮ ಬಳಿಯೇ ಇದ್ದು ಎದುರಿನವರು ಮಾನಿಟರ್ ಹುಡುಕಿದ್ದರೂ ಇದೇ ಮೂರನ್ನು ಕೇಳಿ, ಮಗುವಿನ ಸುರಕ್ಷತೆ ಮಾನಿಟರ್ ಕೈಯಲ್ಲಿರುತ್ತದೆ. ಲಿಖಿತ ಒಪ್ಪಂದಕ್ಕೆ ಇಬ್ಬರೂ ಪೋಷಕರ ಸಹಿ ಇರಲಿ. ಗಂಟೆಯ ದರದ ಜೊತೆ ಕನಿಷ್ಠ ಗಂಟೆ, ರದ್ದತಿ ಶುಲ್ಕ, ಪ್ರಯಾಣ, ವರದಿ ಬರೆಯುವ ಶುಲ್ಕ ಬೇರೆ ಬೇರೆಯಾಗಿ ಬರೆಸಿ. ಬಿಲ್ ಉಬ್ಬುವುದು ಈ ಸಣ್ಣ ಸಾಲುಗಳಲ್ಲೇ. ಯಾರು ಶೇಕಡಾ ಎಷ್ಟು ಕೊಡಬೇಕು ಎಂಬುದು ಎಫ್‌ಎಲ್-341(ಎ), ಅಂದರೆ ಮೇಲ್ವಿಚಾರಣೆಯ ಭೇಟಿಯ ಆದೇಶದ ಫಾರ್ಮಿನಲ್ಲೇ ಇದೆಯೇ ನೋಡಿ. ಇನ್ನೊಂದು ಮಾತು: ಮಾನಿಟರ್ ನಿಮ್ಮ ಆಪ್ತರಲ್ಲ. ಅವರ ಬಳಿ ಹೇಳಿಕೊಂಡ ಮಾತಿಗೆ ಗೌಪ್ಯತೆಯ ರಕ್ಷಣೆ ಇಲ್ಲ, ಮಗುವಿಗೆ ಹಿಂಸೆಯ ಅನುಮಾನ ಬಂದರೆ ವರದಿ ಮಾಡುವುದು ಅವರ ಕಾನೂನಿನ ಹೊಣೆ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಸಿಟ್ಟಿಗೆ ಭೇಟಿ ನಿಲ್ಲಿಸಬೇಡಿ. ಆದೇಶದಲ್ಲಿ ಮಾನಿಟರ್ ಹೆಸರೇ ಇದ್ದರೆ ನೀವಾಗಿ ಬದಲಿಸುವುದೂ ಉಲ್ಲಂಘನೆ. ರಸೀದಿ, ಸಂದೇಶಗಳನ್ನು ದಿನಾಂಕದ ಸಮೇತ ಜೋಡಿಸಿಟ್ಟುಕೊಂಡು, ಎಫ್‌ಎಲ್-300 ಅರ್ಜಿ ಹಾಕಿ ಬದಲಾವಣೆ ಕೇಳಿ. ಅವರು ಥೆರಪಿಸ್ಟ್ ಅಥವಾ ಕ್ಲಿನಿಕಲ್ ಸೋಷಿಯಲ್ ವರ್ಕರ್ ಆಗಿಯೂ ಲೈಸೆನ್ಸ್ ಪಡೆದಿದ್ದರೆ, ಆ ಲೈಸೆನ್ಸಿನ ಮೇಲೆ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್‌ಗೆ ದೂರು ಕೊಡಬಹುದು. ಬರೀ ಮಾನಿಟರ್ ಆಗಿದ್ದವರ ಮೇಲೆ ಹೇಳಿಕೊಳ್ಳಲು ಅಂಥ ಮಂಡಳಿ ಇಲ್ಲ. ಆದೇಶ ಕೊಟ್ಟ ನ್ಯಾಯಾಧೀಶರ ಮುಂದೆಯೇ ಹೋಗಬೇಕು.