ಬಿಎಲ್‌ಡಿಸಿ ಫ್ಯಾನ್: ಯಾವ ಕೋಣೆಗೆ ಹಾಕಿದರೆ ದುಡ್ಡು ಉಳಿಯುತ್ತದೆ?

ಬಲ್ಬುಗಳೆಲ್ಲ ಎಲ್‌ಇಡಿ ಆದ ಮೇಲೂ ಬಿಲ್ ಇಳಿಯದ ಮನೆಗಳಲ್ಲಿ ಕರೆಂಟ್ ತಿನ್ನುತ್ತಿರುವುದು ಸಾಮಾನ್ಯವಾಗಿ ಗೀಸರ್, ಫ್ರಿಜ್, ಮತ್ತೆ ಹಗಲೂ ರಾತ್ರಿ ತಿರುಗುವ ಹಳೇ ಸೀಲಿಂಗ್ ಫ್ಯಾನ್. ಹತ್ತು ವರ್ಷ ಹಳೆಯ 48 ಇಂಚಿನ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ಎಳೆಯುತ್ತದೆ. ಅಷ್ಟೇ ಅಗಲದ ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ ಮೋಟರಿನ) ಫ್ಯಾನಿಗೆ 28ರಿಂದ 35 ವ್ಯಾಟ್ ಸಾಕು. ಇದರ ಮೋಟರಿನಲ್ಲಿ ಕಾಯಂ ಆಯಸ್ಕಾಂತಗಳಿವೆ. ಹಳೆಯದರಂತೆ ತಿರುಗುವ ಭಾಗದಲ್ಲೂ ಕರೆಂಟ್ ಹುಟ್ಟಿಸಿ ಬಿಸಿಗೆ ಕಳೆದುಕೊಳ್ಳುವ ಪ್ರಮೇಯವಿಲ್ಲ. ಎರಡು ಗಂಟೆ ಓಡಿದ ಹಳೇ ಫ್ಯಾನನ್ನು ಆಫ್ ಮಾಡಿ ಅದರ ಹೊಟ್ಟೆ ಮುಟ್ಟಿ ನೋಡಿದರೆ ಆ ನಷ್ಟ ಕೈಗೇ ಸಿಗುತ್ತದೆ.

ಲೆಕ್ಕ ಹೀಗೆ. ದಿನಕ್ಕೆ 12 ಗಂಟೆ ಓಡುವ ಫ್ಯಾನಿನಲ್ಲಿ 45 ವ್ಯಾಟ್ ಉಳಿದರೆ ತಿಂಗಳಿಗೆ 16 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ನೂರರ ಹತ್ತಿರ. ಚಳಿಗಾಲದ ಮೂರು ತಿಂಗಳು ಬಿಟ್ಟರೆ ವರ್ಷಕ್ಕೆ ಸುಮಾರು 870 ರೂಪಾಯಿ. 3,000 ರೂಪಾಯಿಯ ಫ್ಯಾನ್ ಅಸಲು ಬಿಡಿಸಿಕೊಳ್ಳಲು ಮೂರೂವರೆ ವರ್ಷ ಬೇಕು. ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕವೇ ಬೇರೆ: 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, 210–220ರ ಆಸುಪಾಸಿನಲ್ಲಿರುವವರಿಗೆ ಎರಡು ಫ್ಯಾನ್ ಬದಲಿಸಿದರೇ ದೊಡ್ಡ ವ್ಯತ್ಯಾಸ.

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಈಗ ಸಿಗುವ ಒಂದು ಸ್ಟಾರಿನ ಸಾದಾ ಫ್ಯಾನ್ ಕೂಡ 50–52 ವ್ಯಾಟಿನದು. ಹೊಸ ಮನೆಗೆ ಹೊಸದಾಗಿಯೇ ಕೊಳ್ಳುವವರು 75ರ ಜೊತೆ ಹೋಲಿಸುವುದು ತಪ್ಪು. ಉಳಿತಾಯ 20 ವ್ಯಾಟ್ ಅಷ್ಟೇ. ಬೆಲೆಯ ವ್ಯತ್ಯಾಸ 1,200 ರೂಪಾಯಿಗಿಂತ ಹೆಚ್ಚಿದ್ದರೆ ಹಾಲಿಗೂ ಮಲಗುವ ಕೋಣೆಗೂ ಮಾತ್ರ ಬಿಎಲ್‌ಡಿಸಿ ಹಾಕಿ. ದಿನಕ್ಕೊಂದು ಗಂಟೆ ಓಡುವ ಊಟದ ಕೋಣೆಯದು ಹಾಕಿದ ದುಡ್ಡನ್ನು ಎಂದೂ ವಾಪಸ್ ಕೊಡುವುದಿಲ್ಲ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಯಾವಾಗಲೂ 2ರಲ್ಲೇ ಓಡಿಸುವವರಿಗೂ ಉಳಿತಾಯ ಕಡಿಮೆ.

ಸ್ಟಾರ್ ನೋಡಿ ಆರಿಸಲು ಹೋಗಬೇಡಿ. ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ತಳ್ಳುತ್ತದೆ ಅನ್ನುವುದನ್ನು ವ್ಯಾಟಿನಿಂದ ಭಾಗಿಸಿದಾಗ 6 ಅಥವಾ ಹೆಚ್ಚು ಬಂದರೆ ಐದು ಸ್ಟಾರ್. ಬಿಎಲ್‌ಡಿಸಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದನ್ನು ಮುಟ್ಟುತ್ತವೆ. ಡಬ್ಬದ ಮೇಲೆ ಗಾಳಿಯ ಅಂಕಿ ಓದಿ: 220 ಘನ ಮೀಟರಿಗಿಂತ ಕಡಿಮೆ ಇದ್ದರೆ ಬೇಸಿಗೆಯಲ್ಲಿ 'ಗಾಳಿಯೇ ಬರೋಲ್ಲ' ಅನ್ನುವ ದೂರು ಖಚಿತ. 28 ವ್ಯಾಟಿನದಕ್ಕಿಂತ 35 ವ್ಯಾಟಿನ, ಹೆಚ್ಚು ಗಾಳಿಯ ಮಾಡೆಲ್ ಒಳ್ಳೆಯದು. ವಾರಂಟಿ ಮೋಟರಿಗೆ ಮಾತ್ರವೋ, ಫ್ಯಾನಿನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೂ ಇದೆಯೋ ಅಂತ ಕೇಳಿ. ಕೆಡುವುದು ಮೋಟರ್ ಅಲ್ಲ, ಬೋರ್ಡು.

ಬೋರ್ಡು ಸುಡಲು ಮುಖ್ಯ ಕಾರಣ ಗೋಡೆಯಲ್ಲೇ ಉಳಿದುಹೋದ ಹಳೇ ರೆಗ್ಯುಲೇಟರ್. '5ರಲ್ಲಿಟ್ಟರೆ ಏನೂ ಆಗಲ್ಲ ಬಿಡಿ ಸಾರ್' ಎಂದು ಎಲೆಕ್ಟ್ರಿಷಿಯನ್ ಹೇಳಬಹುದು. ಯಾರಾದರೂ ಅದನ್ನು 3ಕ್ಕೆ ತಿರುಗಿಸಿದ ದಿನ ಕತ್ತರಿಸಿದ ಕರೆಂಟ್ ಬೋರ್ಡಿಗೆ ಹೋಗುತ್ತದೆ. ಎಂಸಿಬಿ ಇಳಿಸಿ, ಟೆಸ್ಟರಿನಲ್ಲಿ ಖಚಿತಪಡಿಸಿಕೊಂಡು, ರೆಗ್ಯುಲೇಟರ್ ಬಿಚ್ಚಿ, ಅದರ ಎರಡು ವೈರನ್ನು ಕನೆಕ್ಟರಿನಲ್ಲಿ ನೇರ ಸೇರಿಸಿ, ಖಾಲಿ ಜಾಗಕ್ಕೆ ಡಮ್ಮಿ ಪ್ಲೇಟ್ ಹಾಕಿಸಿ. ಎರಡನೆಯ ಕಾರಣ ಸಡಿಲ ನ್ಯೂಟ್ರಲ್. ಮೇಲಿನ ಸೀಲಿಂಗ್ ರೋಸಿನ ಸ್ಕ್ರೂ ಬಿಗಿ ಮಾಡದೆ ಕಪ್ ಮುಚ್ಚಲು ಬಿಡಬೇಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯ ಸ್ವಿಚ್ಚೇ ಆರಿಸಬೇಕು.

ಕೂರಿಸುವಾಗ ಡೌನ್ ರಾಡಿನ ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಿ ಅದರ ಎರಡು ಕಾಲನ್ನೂ ಅಗಲಿಸಿ ಮಡಚಿದ್ದಾರಾ ನೋಡಿ. ಸುಮ್ಮನೆ ತೂರಿಸಿಟ್ಟ ಪಿನ್ ಅದುರಿ ಅದುರಿ ಜಾರುತ್ತದೆ. ರೆಕ್ಕೆಗೂ ಚಾವಣಿಗೂ ಒಂದು ಅಡಿ ಅಂತರವಿಲ್ಲದಿದ್ದರೆ ಎಂಥ ಫ್ಯಾನಾದರೂ ಗಾಳಿ ಕಡಿಮೆ. ಒಂದೇ ದಿನ ಮೂರು ಫ್ಯಾನ್ ಹಾಕಿಸುವಾಗ ರೆಕ್ಕೆಗಳು ಅದಲುಬದಲಾಗದಂತೆ ನೋಡಿಕೊಳ್ಳಿ, ಡಬ್ಬದಲ್ಲಿ ಜೊತೆಗೆ ಬಂದವೇ ತೂಕ ಹೊಂದಿದ ಜೋಡಿ. ಓಲಾಡಿದರೆ ಪ್ರತಿ ರೆಕ್ಕೆಯ ತುದಿಯಿಂದ ಚಾವಣಿಗೆ ಟೇಪ್ ಹಿಡಿದು ಅಳೆಯಿರಿ; ಒಂದು ಮಾತ್ರ ಹೆಚ್ಚುಕಡಿಮೆ ಇದ್ದರೆ ಆ ರೆಕ್ಕೆಯ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ರೆಕ್ಕೆ ಬಾಗಿದೆ.

ಯುಪಿಎಸ್ ಇರುವ ಮನೆಗೆ ಇದು ನಿಜಕ್ಕೂ ಲಾಭ. ನಾಲ್ಕು ಹಳೇ ಫ್ಯಾನಿನ 300 ವ್ಯಾಟ್ 120ಕ್ಕೆ ಇಳಿದರೆ ಅದೇ ಬ್ಯಾಟರಿ ಎರಡರಷ್ಟಕ್ಕಿಂತ ಹೆಚ್ಚು ಹೊತ್ತು ಬರುತ್ತದೆ, ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಹಳೇ ಫ್ಯಾನ್ ಮಾಡುತ್ತಿದ್ದ ಗುಂಯ್ ಸದ್ದೂ ಇರುವುದಿಲ್ಲ.

ಕಿರಿಕಿರಿ ರಿಮೋಟಿನದು. ಕತ್ತಲಲ್ಲಿ ಸಿಗುವುದಿಲ್ಲ, ಹಾಲಿನಲ್ಲಿ ಎರಡು ಒಂದೇ ಮಾಡೆಲ್ ಇದ್ದರೆ ಒಂದು ಗುಂಡಿಗೆ ಎರಡೂ ಓಗೊಡುತ್ತವೆ. ವಯಸ್ಸಾದವರ ಕೋಣೆಗೆ, ಗೋಡೆಯ ಸ್ವಿಚ್ ಆಫ್-ಆನ್ ಮಾಡಿದರೆ ವೇಗ ಬದಲಾಗುವ ಮಾಡೆಲ್ಲೇ ತನ್ನಿ.

ತೆಗೆದ ಹಳೇ ಫ್ಯಾನ್ ಸುಟ್ಟಿಲ್ಲದಿದ್ದರೆ ಗುಜರಿಗೆ ಹಾಕಬೇಡಿ. ನಿಧಾನ ತಿರುಗುತ್ತಿದ್ದರೆ 2.5 ಮೈಕ್ರೊಫ್ಯಾರಡ್‌ನ ಹೊಸ ಕಂಡೆನ್ಸರ್ ಹಾಕಿಸಿ, ವರ್ಷಕ್ಕೆ ನಾಲ್ಕು ದಿನ ನೆಂಟರು ಮಲಗುವ ಕೋಣೆಗೆ ಕಟ್ಟಿ.