ಟಿ-55ರ ಹಸಿರು, ಮಸಿ, ಧೂಳು: ಕರಾವಳಿಯ ಥಂಡಿ ಹವೆಯಲ್ಲಿ ಟಮಿಯಾ ಬಣ್ಣಗಳು ಹೇಗೆ?

1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಸೋವಿಯತ್ ಟ್ಯಾಂಕಿಗೆ ಬಣ್ಣ ಬಳಿಯಲು ಈಗ ಸಾಮಗ್ರಿಗೇನೂ ಬರವಿಲ್ಲ. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಇರುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆಯಲ್ಲಿ ಯಾವ ಬಣ್ಣ ಹೇಳಿದ ಮಾತು ಕೇಳುತ್ತದೆ? ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಜಪಾನಿನ ಮಾಡೆಲ್ ಕಂಪನಿ ಟಮಿಯಾದ ಮೂರು ಸರಕು: ಎಕ್ಸ್‌ಎಫ್ ಸಾಲಿನ ಅಕ್ರಿಲಿಕ್ ಬಣ್ಣ, ಸಂದುಗೆರೆಗಳಿಗೆ ಹರಿಯಬಿಡುವ ಪ್ಯಾನೆಲ್ ಲೈನ್ ಆ್ಯಕ್ಸೆಂಟ್ ಕಲರ್ ಮತ್ತು ಧೂಳು, ಮಸಿ ತೋರಿಸುವ ಬಿಲ್ಲೆಬಣ್ಣ ವೆದರಿಂಗ್ ಮಾಸ್ಟರ್. ಜೊತೆಗೆ ಬೇಕಾದಲ್ಲಿ ವಲ್ಲೆಹೋ, ಎಕೆ ಇಂಟರಾಕ್ಟಿವ್ ಎಂಬ ಸ್ಪೇನಿನ ಕಂಪನಿಗಳ ಸರಕು ಮತ್ತು ನಮ್ಮ ಕ್ಯಾಮೆಲ್ ಎಣ್ಣೆಬಣ್ಣದ ಹೋಲಿಕೆ. ಮಾಡೆಲ್ ಟಿ-55. ಐದು ದೊಡ್ಡ ಚಕ್ರ, ತೋಪು ಕೂರಿಸಿದ ಎರಕದ ಗೋಪುರ, ಎಡ ಮಡ್‌ಗಾರ್ಡಿನ ಮೇಲೆ ಸೈಲೆನ್ಸರ್ ಬಾಯಿ. ಹವೆಯ ಏಟಿಗೆ ಸಿಕ್ಕ ಲೋಹದ ಮೇಲ್ಮೈಯನ್ನು ಬಣ್ಣದಲ್ಲಿ ತೋರಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಟ್ಯಾಂಕ್ ಸಿಗುವುದು ಕಷ್ಟ.

ಮೊದಲು ಮೂಲ ಹಸಿರು. ಎರಡನೇ ಮಹಾಯುದ್ಧದ ಕಾಲದ ಸೋವಿಯತ್ ಸೇನೆಯ 4ಬಿಓ ಹಸಿರಿಗೂ 1960ರ ದಶಕದ ಟಿ-55ರ ಹಸಿರಿಗೂ ಕೂದಲೆಳೆಯ ಲೆಕ್ಕ ಹಾಕಿ ಜಗಳ ಆಡುವವರಿದ್ದಾರೆ. ಬಿಸಿಲು, ಡೀಸೆಲ್, ಮರುಬಳಿತ ಎಲ್ಲ ಸೇರಿದ ಮೇಲೆ ಆ ಜಗಳಕ್ಕೆ ಅರ್ಥ ಉಳಿಯುವುದಿಲ್ಲ. ಎಕ್ಸ್‌ಎಫ್-58 ಆಲಿವ್ ಗ್ರೀನ್ ಮೂರು ಪಾಲು, ಎಕ್ಸ್‌ಎಫ್-61 ಡಾರ್ಕ್ ಗ್ರೀನ್ ಒಂದು ಪಾಲು ಬೆರೆಸಿದರೆ ನಂಬುವಂಥ ಹಸಿರು ಬರುತ್ತದೆ. ಮೇಲ್ಭಾಗದ ತಗಡುಗಳಿಗೆ ಇದೇ ಮಿಶ್ರಣಕ್ಕೆ ಎಕ್ಸ್‌ಎಫ್-57 ಬಫ್ ಐದನೇ ಒಂದು ಪಾಲು ಸೇರಿಸಿ ತೆಳ್ಳಗೆ ಹೊಡೆಯಿರಿ. ಬಿಳಿ ಸೇರಿಸಬೇಡಿ, ಹಸಿರು ಸುಣ್ಣ ಬಳಿದ ಹಾಗೆ ಸತ್ತುಹೋಗುತ್ತದೆ.

10 ಮಿ.ಲೀ. ಬಾಟಲಿ ಒಂದು ಟ್ಯಾಂಕಿಗೆ ಸಾಲುತ್ತದೆ, ಸ್ವಲ್ಪ ಉಳಿಯಲೂಬಹುದು. ಬಣ್ಣ, ತಿನ್ನರ್ ಸಮಪಾಲು, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ 0.3 ಮಿ.ಮೀ. ನಾಝಲ್, ಒತ್ತಡ 15ರಿಂದ 18 ಪಿಎಸ್‌ಐ. ಬ್ರಷ್‌ನಲ್ಲಿ ದೊಡ್ಡ ಮೇಲ್ಮೈ ಬಳಿಯುವವರಿಗೆ ಈ ಬಣ್ಣ ಸಲ್ಲದು. ಎರಡನೇ ಕೋಟ್ ಹಾಕುವಾಗ ಮೊದಲಿನ ಕೋಟ್ ಕರಗಿ ಎದ್ದು ಬರುತ್ತದೆ.

ತಿನ್ನರ್ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಟಮಿಯಾ ಅಕ್ರಿಲಿಕ್ ಬಣ್ಣ ಅದರದ್ದೇ ಎಕ್ಸ್-20ಎ ತಿನ್ನರ್‌ನಲ್ಲೂ ಕರಗುತ್ತದೆ, ಲ್ಯಾಕರ್ ತಿನ್ನರ್‌ನಲ್ಲೂ ಕರಗುತ್ತದೆ. ಲ್ಯಾಕರ್ ತಿನ್ನರ್ ಹಾಕಿದರೆ ಪದರ ನಯವಾಗಿ, ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ನಿಧಾನಕ್ಕೆ ಆರುವ ಲೆವೆಲಿಂಗ್ ತಿನ್ನರ್ ಇನ್ನೂ ಉತ್ತಮ. ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಅದು ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿನ ಮೇಲೆ ಸಣ್ಣ ಹನಿ ಕೂತು ಬಣ್ಣ ಮಬ್ಬಾಗುತ್ತದೆ. ಗೋಡೆಯ ಆರ್ದ್ರತಾ ಮಾಪಕ ಶೇ. 85 ದಾಟಿದ ದಿನ ಐಸೋಪ್ರೊಪೈಲ್ ಮುಟ್ಟದಿರುವುದು ಕ್ಷೇಮ.

ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ಟ್ಯಾಂಕಿನಲ್ಲಿ ನೀರು ಕೂರುವುದು ನಮ್ಮಲ್ಲಿ ವರ್ಷವಿಡೀ ಇರುವ ಕಾಟ. ಗಾಳಿ ಒತ್ತಿದಾಗ ಬಿಸಿಯಾಗಿ, ಕೊಳವೆಯಲ್ಲಿ ತಣಿದಾಗ ಅದರೊಳಗಿನ ತೇವ ನೀರಾಗುತ್ತದೆ. ಕಂಪ್ರೆಸರ್‌ಗೆ ಅಂಟಿಕೊಂಡ ವಾಟರ್ ಟ್ರ್ಯಾಪ್ ಒಂದೇ ಸಾಲದು, ಏಕೆಂದರೆ ಅಲ್ಲಿ ಗಾಳಿ ಇನ್ನೂ ಬಿಸಿಯಾಗಿರುತ್ತದೆ. ಏರ್‌ಬ್ರಷ್ ಹಿಡಿಯ ಹತ್ತಿರ ಇನ್ನೊಂದು ಚಿಕ್ಕ ಟ್ರ್ಯಾಪ್ ಬೇಕು. ಕೆಲಸಕ್ಕೆ ಕೂರುವ ಮೊದಲು ಟ್ಯಾಂಕಿನ ತಳದ ಬಿರಡೆ ಬಿಚ್ಚಿ ನೀರು ಹೊರಬಿಡಿ. ಒಂದು ಹನಿ ನೀರು ನಾಝಲಿನಿಂದ ಹಾರಿ ಗೋಪುರದ ಮೇಲೆ ಬಿದ್ದರೆ ಜೇಡ ಕೂತಂಥ ಕಲೆ ಆಗುತ್ತದೆ. ಅದನ್ನು ಒಣಗಲು ಬಿಟ್ಟು, 2000 ನಂಬರಿನ ಮರಳುಕಾಗದದಿಂದ ಉಜ್ಜಿ ಮತ್ತೆ ಹೊಡೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಹಸಿರಿಗಿಂತ ಮುಂಚೆ ಗೋಪುರದ ಮೈ ನೋಡಿಕೊಳ್ಳಿ. ಟಿ-55ರ ಗೋಪುರ ಎರಕದ್ದು, ಒಡಲು ಬೆಸುಗೆ ಹಾಕಿದ ತಗಡಿನದ್ದು. ಎರಡಕ್ಕೂ ಒಂದೇ ಒರಟುತನ ಕೊಟ್ಟರೆ ಬಲ್ಲವರ ಕಣ್ಣಿಗೆ ಕೂಡಲೇ ಹೊಡೆಯುತ್ತದೆ. ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರನ್ನು ಹಳೆಯ ಬಿರುಸು ಬ್ರಷ್‌ನಿಂದ ಗೋಪುರಕ್ಕಷ್ಟೇ ಚುಚ್ಚಿ ಚುಚ್ಚಿ ಹಚ್ಚಿ, ಆರಿದ ಮೇಲೆ ಮೇಲಿನ ಮೊನೆಗಳನ್ನು ಹಗುರವಾಗಿ ತೀಡಿದರೆ ಸಾಕು.

ಬಣ್ಣ ಕಿತ್ತುಹೋದ ಗುರುತಿಗೆ ಎಕೆ ಇಂಟರಾಕ್ಟಿವ್‌ನ ವೋರ್ನ್ ಎಫೆಕ್ಟ್ಸ್ ಒಳ್ಳೆಯ ದ್ರಾವಣ. ಅದೇ ಕಂಪನಿಯ ಹೆವಿ ಚಿಪ್ಪಿಂಗ್ ದೊಡ್ಡ ಚಕ್ಕೆ ಎಬ್ಬಿಸುತ್ತದೆ. 1/35ಕ್ಕೆ ಅದು ಅತಿಯಾಯಿತು. ಕಂದು ತುಕ್ಕಿನ ಅಡಿಪದರ, ಅದರ ಮೇಲೆ ಈ ದ್ರಾವಣ ಎರಡು ತೆಳು ಕೋಟ್, ಅದರ ಮೇಲೆ ಹಸಿರು. ಆಮೇಲೆ ನೀರು ಸವರಿ, ಬಿರುಸು ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಹಸಿರು ಅಲ್ಲಲ್ಲಿ ಏಳುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು: ಹಸಿರಿಗೆ ಲ್ಯಾಕರ್ ತಿನ್ನರ್ ಹಾಕಿದ್ದರೆ ಪದರ ಬಿಗಿಯಾಗಿ ನೀರು ಒಳಗೇ ಇಳಿಯುವುದಿಲ್ಲ, ಎಷ್ಟು ಉಜ್ಜಿದರೂ ಏನೂ ಏಳುವುದಿಲ್ಲ. ಚಿಪ್ಪಿಂಗ್ ಮಾಡುವ ಭಾಗಕ್ಕೆ ಎಕ್ಸ್-20ಎ ತಿನ್ನರ್ ಅಥವಾ ನೀರು ಮಾತ್ರ. ಮಳೆಗಾಲದಲ್ಲಿ ಇನ್ನೊಂದು ತೊಡಕು, ದ್ರಾವಣದ ಪದರ ಅಂಟಂಟಾಗಿಯೇ ಉಳಿಯುತ್ತದೆ. ಅದರ ಮೇಲೆ ಅವಸರದಲ್ಲಿ ಹಸಿರು ಹೊಡೆದರೆ ಬಿರುಕು ಬಿಡುತ್ತದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಣಗಿಸಿ, ಬೆರಳ ಹಿಂಭಾಗಕ್ಕೆ ಅಂಟದಿದ್ದರೆ ಮುಂದುವರಿಯಿರಿ. ಹಸಿರು ಹೊಡೆದ ಮೇಲೆ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಚಿಪ್ಪಿಂಗ್ ಮುಗಿಸಿ.

ಎಲ್ಲಿ ಕಿತ್ತಿರಬೇಕು? ಚಾಲಕ ಕೂರುವುದು ಮುಂಭಾಗದ ಎಡಕ್ಕೆ. ಅವನ ಮುಚ್ಚಳದ ಸುತ್ತ ಬೂಟು ತುಳಿದ ಜಾಗ, ಮಡ್‌ಗಾರ್ಡಿನ ಅಂಚು, ಗೋಪುರದ ಕೈಹಿಡಿ. ಒಡಲಿನ ನಡುಬಯಲಲ್ಲಿ ಅಲ್ಲ. 1968ರ ಆಗಸ್ಟ್‌ನಲ್ಲಿ ಪ್ರಾಗ್‌ಗೆ ನುಗ್ಗಿದ ಟ್ಯಾಂಕುಗಳ ಮೇಲಿನ ಬಿಳಿ ಪಟ್ಟೆ ಬಿಡಿಸುವವರಿಗಂತೂ ಈ ದ್ರಾವಣ ವರದಾನ. ಹಸಿರಿನ ಮೇಲೆ ವೋರ್ನ್ ಎಫೆಕ್ಟ್ಸ್, ಅದರ ಮೇಲೆ ಬ್ರಷ್‌ನಿಂದ ಎಕ್ಸ್‌ಎಫ್-2 ಬಿಳಿ, ಆಮೇಲೆ ನೀರು. ಅವಸರದಲ್ಲಿ ಬಳಿದ, ಸವೆದ ಪಟ್ಟೆ ತಾನಾಗಿ ಮೂಡುತ್ತದೆ.

ಇನ್ನು ಪ್ಯಾನೆಲ್ ಲೈನ್ ಆ್ಯಕ್ಸೆಂಟ್ ಕಲರ್. 40 ಮಿ.ಲೀ. ಬಾಟಲಿ, ಮುಚ್ಚಳದಲ್ಲೇ ಬ್ರಷ್, ತೆಳು ಮಾಡುವ ಕೆಲಸವಿಲ್ಲ. ಹಸಿರು ಟ್ಯಾಂಕಿಗೆ ಕಪ್ಪು ಬೇಡ, ಡಾರ್ಕ್ ಬ್ರೌನ್ ತೆಗೆದುಕೊಳ್ಳಿ. ಮೂರು ಸರಕಿನಲ್ಲಿ ಮಳೆಗಾಲಕ್ಕೆ ಚೆನ್ನಾಗಿ ತಡೆಯುವುದು ಇದೇ, ಏಕೆಂದರೆ ಇದು ಎನಾಮೆಲ್. ಸ್ಪಿರಿಟ್‌ನಲ್ಲಿ ಹರಿಯುವ ಬಣ್ಣ ಗಾಳಿಯ ತೇವಕ್ಕೆ ಅಷ್ಟಾಗಿ ಕೇರ್ ಮಾಡುವುದಿಲ್ಲ. ಆದರೆ ಅಡಿಯಲ್ಲಿ ಎಕ್ಸ್-22 ಹೊಳಪು ಕೋಟ್ ಇರಲೇಬೇಕು. ಮಂದ ಹಸಿರಿನ ಮೇಲೆ ನೇರ ಹಾಕಿದರೆ ಬೋಲ್ಟಿನ ಸುತ್ತ ನಿಲ್ಲಬೇಕಾದ ಬಣ್ಣ ಎಲ್ಲೆಡೆ ಹೀರಿಕೊಂಡು, ಉಬ್ಬರದ ನೀರು ಇಳಿದ ಗುರುತಿನಂಥ ಅಂಚು ಉಳಿಯುತ್ತದೆ. ಎಕ್ಸ್-22ಕ್ಕೆ ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಆರಲು ಬಿಡಿ. ಈ ವಾಶ್ (ಸಂದಿಗೆ ಹರಿಯಬಿಡುವ ತೆಳು ಬಣ್ಣ) ಹಾಕಿ ಅರ್ಧ ಗಂಟೆ ಕಳೆದ ಮೇಲೆ, ಎಕ್ಸ್-20 ಎನಾಮೆಲ್ ತಿನ್ನರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಹೆಸರಲ್ಲಿ ಒಂದಕ್ಷರ ಕಡಿಮೆ, ಗುಣ ಪೂರ್ತಿ ಬೇರೆ: ಎಕ್ಸ್-20ಎ ಹಿಡಿದುಕೊಂಡು ಒರೆಸಿದರೆ ಅಡಿಯ ಹಸಿರೇ ಎದ್ದು ಬರುತ್ತದೆ.

ಇದರ ದೊಡ್ಡ ಅಪಾಯ ಬೇರೊಂದಿದೆ. ಬಣ್ಣ ಮುಟ್ಟದ ಪ್ಲಾಸ್ಟಿಕ್ ಒಳಗೆ ಎನಾಮೆಲ್ ತಿನ್ನರ್ ಇಳಿದರೆ, ಬಿಗಿತದಲ್ಲಿರುವ ಭಾಗ ಬಿರುಕು ಬಿಡುತ್ತದೆ. ಟಿ-55ರಲ್ಲಿ ಆ ಭಾಗಗಳು ಚಕ್ರದ ಅಚ್ಚು ಮತ್ತು ಅದನ್ನು ಹಿಡಿದ ತೋಳು. ಬಿಗಿಯಾದ ಚೈನು ಎಳೆಯುತ್ತಿದ್ದರಂತೂ ಖಂಡಿತ. ಚಕ್ರ, ಚೈನು ಜೋಡಿಸುವ ಮೊದಲೇ ಒಡಲಿನ ಕೆಳಭಾಗದ ವಾಶ್ ಮುಗಿಸಿ ಒಂದು ರಾತ್ರಿ ಬಿಡಿ.

ಚೈನಿನ ಬಗ್ಗೆ ಎರಡು ಮಾತು. ಮೆದು ವಿನೈಲ್ ಚೈನು ಆಗಿದ್ದರೆ ಪಾತ್ರೆ ಸೋಪಿನಲ್ಲಿ ತೊಳೆದು ಪ್ರೈಮರ್ ಹಾಕಿ, ಅಕ್ರಿಲಿಕ್ ಮಾತ್ರ ಹಚ್ಚಿ. ಎನಾಮೆಲ್ ಅದರ ಮೇಲೆ ಅಂಟಂಟಾಗಿಯೇ ಇರುತ್ತದೆ. ನಿಜವಾದ ಟ್ಯಾಂಕಿನ ಚೈನು ಮ್ಯಾಂಗನೀಸ್ ಉಕ್ಕಿನದ್ದು, ಓಡಾಡುವ ಟ್ಯಾಂಕಿನಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗದೆ ಗಾಢ ಕಂದಾಗಿ, ನೆಲ ಮುಟ್ಟುವ ಕಡೆ ಮಿರುಗುತ್ತದೆ. ಆ ಮಿರುಗಿಗೆ ವೆದರಿಂಗ್ ಮಾಸ್ಟರ್ ಸಿ ಸೆಟ್‌ನ ಗನ್ ಮೆಟಲ್ ಸಾಕು. 2ಬಿ ಪೆನ್ಸಿಲಿನ ಪುಡಿಯೂ ಅಷ್ಟೇ ಚೆನ್ನ. ಮೇಲೆ ಚೈನನ್ನು ಹೊರುವ ರೋಲರ್ ಟಿ-55ಕ್ಕೆ ಇಲ್ಲ, ಹಾಗಾಗಿ ಚೈನು ಚಕ್ರದ ಮೇಲೇ ಜೋತು ಮಲಗಬೇಕು.

ವೆದರಿಂಗ್ ಮಾಸ್ಟರ್ ಮೇಕಪ್ ಡಬ್ಬಿಯ ರೂಪದಲ್ಲಿ ಬರುತ್ತದೆ: ಮೂರು ಬಣ್ಣದ ಬಿಲ್ಲೆ, ಒಂದು ಸ್ಪಂಜು. ಬಿ ಸೆಟ್‌ನ ಮಸಿಗೆ ಪೂರ್ಣ ಅಂಕ. ಟಿ-55 ಹೊಗೆಪರದೆ ಎಬ್ಬಿಸುವುದು ಬಿಸಿ ಸೈಲೆನ್ಸರ್ ಹಾದಿಗೇ ಡೀಸೆಲ್ ಚಿಮ್ಮಿಸಿ. ಆದ್ದರಿಂದ ಎಡ ಮಡ್‌ಗಾರ್ಡಿನ ಹೊಗೆಬಾಯಿ ಸುತ್ತ ಒಣಮಸಿ ಅಲ್ಲ, ಜಿಡ್ಡುಮಸಿ ಇರಬೇಕು. ಬಿ ಸೆಟ್‌ನ ಮಸಿಯನ್ನು ಅಗಲಕ್ಕೆ ಹರಡಿ, ಬಾಯಿಯ ಹತ್ತಿರ ಡಿ ಸೆಟ್‌ನ ಆಯಿಲ್ ಸ್ಟೇನ್ ಒತ್ತಿದರೆ ಆ ಜಿಡ್ಡು ಹೊಳಪು ಬರುತ್ತದೆ. ಬಲ ಮಡ್‌ಗಾರ್ಡಿನ ಇಂಧನ ಪೆಟ್ಟಿಗೆಗಳ ಮುಚ್ಚಳದ ಕೆಳಗೆ ಚೆಲ್ಲಿದ ಡೀಸೆಲ್ ತೋರಿಸಲು ಮಾತ್ರ ಕ್ಯಾಮೆಲ್ ಎಣ್ಣೆಬಣ್ಣವೇ ಮೇಲು. ಬರ್ನ್ಟ್ ಅಂಬರ್ ಎಂಬ ಗಾಢ ಕಂದಿಗೆ ಒಂದು ಹನಿ ಅಗಸೆ ಎಣ್ಣೆ ಸೇರಿಸಿ ಸಣ್ಣ ಬ್ರಷ್‌ನಿಂದ ಕೆಳಗೆ ಎಳೆಯಿರಿ. ಆರಲು ಒಂದು ವಾರ ಹಿಡಿಯಬಹುದು, ಶಿರಸಿಯಂಥ ಘಟ್ಟದ ಮೇಲಿನ ಊರಲ್ಲಿ ಇನ್ನೂ ಹೆಚ್ಚು. 40 ವ್ಯಾಟಿನ ಹಳೇ ಬಲ್ಬು ಇಟ್ಟ ಮರದ ಪೆಟ್ಟಿಗೆಯಲ್ಲಿ ಇಡಿ, ಆದರೆ ಒಳಗಿನ ಶಾಖ 40 ಡಿಗ್ರಿ ದಾಟದಂತೆ ಥರ್ಮಾಮೀಟರ್ ಇಟ್ಟು ನೋಡುತ್ತಿರಿ. ಬಿಸಿ ಹೆಚ್ಚಾದರೆ ತೋಪಿನ ನಳಿಗೆ ಬಾಗುತ್ತದೆ.

ಎ ಸೆಟ್‌ನ ಸ್ಯಾಂಡ್, ಮಡ್ ಬಿಲ್ಲೆಗಳು ಮಾತ್ರ ನಿರಾಸೆ ಮೂಡಿಸುತ್ತವೆ. ಅಂಚಿನ ಧೂಳಿಗೆ ಆದೀತು, ಕೆಸರಿಗೆ ಆಗದು. ಅವಕ್ಕೆ ದಪ್ಪವೇ ಇಲ್ಲ. ಧೂಳಿಗೆ ಎಕ್ಸ್‌ಎಫ್-57 ಬಫ್ ಒಂದು ಪಾಲು, ತಿನ್ನರ್ ಒಂಬತ್ತು ಪಾಲು, 12 ಪಿಎಸ್‌ಐ ಒತ್ತಡದಲ್ಲಿ ಚಕ್ರದ ಮಟ್ಟಕ್ಕೆ ಹೊಡೆಯುವುದೇ ಸರಿಯಾದ ದಾರಿ. ಕೆಸರಿಗೆ ಪಿಗ್ಮೆಂಟ್ ಪುಡಿ ಮತ್ತು ಮ್ಯಾಟ್ ಮೀಡಿಯಂ ಕಲಸಿ. ಅಂಗಳದ ಮಣ್ಣನ್ನು ಚಹಾ ಜರಡಿಯಲ್ಲಿ ಸೋಸಿ ಹಚ್ಚುವ ಆಸೆ ನಮ್ಮ ಜಿಲ್ಲೆಯವರಿಗೆ ಸಹಜ, ಆದರೆ ನಮ್ಮದು ಚಿರೇಕಲ್ಲಿನ ಕೆಂಪು ಮಣ್ಣು. ಉಕ್ರೇನಿನ ಕಪ್ಪುಮಣ್ಣು ಹಸಿಯಾಗಿದ್ದಾಗ ಹೆಚ್ಚುಕಡಿಮೆ ಕಪ್ಪು, ಒಣಗಿದರೆ ಬೂದುಕಂದು. ಕೆಂಪು ಧೂಳು ಮೆತ್ತಿದ ಸೋವಿಯತ್ ಟ್ಯಾಂಕ್ ಎಷ್ಟೇ ಚಂದ ಕಂಡರೂ ಹೊನ್ನಾವರದ ರಸ್ತೆಯಲ್ಲಿ ಓಡಿದಂತೆ ಕಾಣುತ್ತದೆ.

ತುಕ್ಕಿನ ವಿಷಯದಲ್ಲೂ ಇದೇ ಎಚ್ಚರ. ಕಾರವಾರದ ಬೈತಖೋಲ ಬಂದರಿನ ಬೋಟುಗಳ ಕಬ್ಬಿಣ ನೋಡಿ, ಬಣ್ಣ ಗುಳ್ಳೆಯೆದ್ದು, ಬೆಸುಗೆಯ ಗುಂಟ ಕಿತ್ತಳೆ ನೀರು ಇಳಿದಿರುತ್ತದೆ. ಅದು ಉಪ್ಪುಗಾಳಿಯ ತುಕ್ಕು. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆ ಐಎನ್‌ಎಸ್ ಚಪಲ್ ಕೂಡ ಸೋವಿಯತ್ ನಿರ್ಮಿತವೇ, ಆದರೆ ಅದು ಕಡಲಿನ ಹಡಗು. ಒಳನಾಡಿನ ಬ್ಯಾರಕಿನಲ್ಲಿದ್ದು, ಸೈನಿಕರು ಆಗಾಗ ಬಣ್ಣ ಬಳಿಯುತ್ತಿದ್ದ ಟ್ಯಾಂಕಿಗೆ ಕಡಲ ತುಕ್ಕು ಅನ್ವಯಿಸದು. ನೀರು ಇಳಿದ ಗೆರೆ ಮೇಲೆ ಎಷ್ಟು ಅಗಲ, ಕೆಳಗೆ ಹೇಗೆ ಸಣ್ಣಗಾಗುತ್ತದೆ ಎಂಬುದನ್ನಷ್ಟೇ ಬಂದರಿನಿಂದ ಕಲಿಯಿರಿ. ಬಿ ಸೆಟ್‌ನ ರಸ್ಟ್ ಬಿಲ್ಲೆಯನ್ನು ಸೈಲೆನ್ಸರ್ ತಗಡಿಗೂ ಕೊಂಡಿಗಳಿಗೂ ಬಿಟ್ಟು ಬೇರೆಡೆ ಬಳಸಬೇಡಿ.

ಕೊನೆಯ ಮಂದ ಕೋಟ್‌ಗೆ ಟಿಎಸ್-80 ಸ್ಪ್ರೇ ಡಬ್ಬಿ ಬೇಸಿಗೆಯಲ್ಲಿ ಚೆನ್ನ. ಮಳೆ ಸುರಿಯುವ ದಿನ ಅದು ಇಡೀ ಟ್ಯಾಂಕಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಹಾಗಾದರೆ ಗಾಬರಿ ಬೇಡ. ಲೆವೆಲಿಂಗ್ ತಿನ್ನರ್ ಒಂದನ್ನೇ ಏರ್‌ಬ್ರಷ್‌ನಿಂದ ದೂರದಿಂದ ತೆಳ್ಳಗೆ ಹಾಯಿಸಿದರೆ ಸಿಕ್ಕಿಬಿದ್ದ ತೇವ ಹೊರಬಂದು ಬಹುಪಾಲು ತಿಳಿಯಾಗುತ್ತದೆ. ಎಕ್ಸ್‌ಎಫ್-86 ಫ್ಲಾಟ್ ಕ್ಲಿಯರ್ ಏರ್‌ಬ್ರಷ್‌ನಲ್ಲಿ ಹೊಡೆಯುವುದು ಇದಕ್ಕಿಂತ ಭದ್ರ. ವೆದರಿಂಗ್ ಮಾಸ್ಟರ್ ಹಚ್ಚುವುದು ಈ ಕೋಟ್‌ನ ನಂತರ, ಅದರ ಮೇಲೆ ಮತ್ತೆ ಏನೂ ಬೇಡ. ಹೊಡೆದರೆ ಧೂಳೆಲ್ಲ ಮಾಯ.

ಏರ್‌ಬ್ರಷ್ ಇಲ್ಲದವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ವಲ್ಲೆಹೋ ಕಡೆ ಹೋಗಬಹುದು. ವಾಸನೆ ಇಲ್ಲ, ಬ್ರಷ್‌ಗೆ ಹೇಳಿಮಾಡಿಸಿದ್ದು, ಅದರ ರಷ್ಯನ್ ಗ್ರೀನ್ 4ಬಿಓ ಪ್ರೈಮರ್ ಒಂದರಲ್ಲೇ ಪ್ರೈಮರೂ ಹಸಿರೂ ಮುಗಿಯುತ್ತದೆ. ಆದರೆ ನೀರಿನ ಬಣ್ಣಕ್ಕೆ ನಮ್ಮ ಜುಲೈ ಹಿಡಿಸುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಮೆದುವಾಗಿರುತ್ತದೆ, ಮಾಸ್ಕಿಂಗ್ ಟೇಪ್ ತೆಗೆದರೆ ಚರ್ಮದಂತೆ ಸುಲಿದು ಬರುತ್ತದೆ.

ತರಿಸಿಕೊಳ್ಳುವವರು ಮೇ ತಿಂಗಳ ಮೊದಲೇ ತರಿಸಿ. ತಿನ್ನರ್, ಎನಾಮೆಲ್, ಸ್ಪ್ರೇ ಡಬ್ಬಿ ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ಅಂಚೆಯಲ್ಲಿ ಬಾರವು, ರಸ್ತೆಯ ಕೊರಿಯರ್‌ನಲ್ಲೇ ಬರಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ದುಡ್ಡು ಬಿಗಿಯಿದ್ದರೆ ಎಕ್ಸ್‌ಎಫ್-58, ಎಕ್ಸ್‌ಎಫ್-61, ಎಕ್ಸ್‌ಎಫ್-57, ಎಕ್ಸ್-22, ಎಕ್ಸ್‌ಎಫ್-86, 250 ಮಿ.ಲೀ. ಎಕ್ಸ್-20ಎ, ಚಿಕ್ಕದೊಂದು ಎಕ್ಸ್-20, ಡಾರ್ಕ್ ಬ್ರೌನ್ ಪ್ಯಾನೆಲ್ ಲೈನ್ ಮತ್ತು ವೆದರಿಂಗ್ ಮಾಸ್ಟರ್ ಬಿ ಸೆಟ್ ಸಾಕು. ಎ ಸೆಟ್ ಬಿಡಿ, ಆ ದುಡ್ಡಿನಲ್ಲಿ ಎರಡನೇ ವಾಟರ್ ಟ್ರ್ಯಾಪ್ ಕೊಳ್ಳಿ.